ಬಾಗಿಲಲ್ಲಿ ಆಡಿದ ಮಾತು

ಅಂಗಾಲು ತುರಿಸಿದರೆ ಪ್ರಯಾಣ ಕಾದಿದೆ ಎನ್ನುತ್ತಾರೆ. ಹೊತ್ತು ಮುಳುಗಿದರೆ ಸಾಕು, ನಂಜುಂಡೇಶನಿಗೆ ಎರಡೂ ಅಂಗಾಲು ಒಟ್ಟಿಗೇ ತುರಿಸುತ್ತಿದ್ದವು. ಹಗಲೆಲ್ಲ ಮೊಪೆಡ್ಡಿನ ಮೇಲೆ ಟೀಪುಡಿಯ ಚೀಲ ಹೇರಿಕೊಂಡು, ನಂಜನಗೂಡಿನಿಂದ ಸುತ್ತೂರಿಗೆ, ಸುತ್ತೂರಿನಿಂದ ಟಿ. ನರಸೀಪುರಕ್ಕೆ ಎಂದು ದಾರಿಯುದ್ದಕ್ಕೂ ಇರುವ ಹಳ್ಳಿಯಂಗಡಿಗಳಿಗೆ ಮಾಲು ಹಾಕಿ ಬರುವವನು ಅವನು. ಅಷ್ಟು ಅಲೆದು ಬಂದವನಿಗೆ ಮನೆಯೆಂದರೆ ಕೈಕಾಲು ಚಾಚುವ ಜಾಗವಾಗಬೇಕಿತ್ತು. ಆದರೆ ಹೆಂಡತಿ ಕೊಟ್ಟ ಕಾಫಿಯ ಲೋಟವನ್ನು ಕೆಳಗಿಡುವ ಮೊದಲೇ ಅವನು ಹೊಸ್ತಿಲ ಬಳಿ ನಿಂತಿರುತ್ತಿದ್ದ. ಹೊಳೆಯ ದಂಡೆ, ಬಸ್ ಸ್ಟ್ಯಾಂಡು, ರೈಲ್ವೆ ಗೇಟು, ಹೀಗೆ ಎಲ್ಲಿಗಾದರೂ ಒಂದು ಸುತ್ತು ಹೋಗಿ ಬಾರದೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಇದಕ್ಕೆಲ್ಲ ಮನೆಯೇ ಕಾರಣವೆಂದು ಅವನ ನಂಬಿಕೆ. ಸರಿಯಾದ ಮನೆ ಸಿಕ್ಕರೆ ತಾನು ಕೂರುತ್ತೇನೆ ಎಂದು ಅವನು ಪ್ರಾಮಾಣಿಕವಾಗಿಯೇ ಹೇಳುತ್ತಿದ್ದ. ಮದುವೆಯಾದಂದಿನಿಂದ ಬಿಟ್ಟುಬಂದ ಬಾಡಿಗೆ ಮನೆಗಳನ್ನು ಅವನ ಹೆಂಡತಿ ಗುರುಮಲ್ಲಮ್ಮ ಎಣಿಸುವುದನ್ನು ನಿಲ್ಲಿಸಿ, ಒಂದೊಂದಕ್ಕೂ ಹೆಸರಿಟ್ಟಿದ್ದಳು. ಸೋರುವ ಮನೆ, ಹುಣಸೆಮರದ ಮನೆ, ಇಲಿ ಮನೆ, ಮೆಟ್ಟಿಲ ಮನೆ. ಮಗಳು ಅರ್ಪಿತಾಗೆ ಹಲ್ಲು ಹುಟ್ಟಿದ್ದು ಇಲಿ ಮನೆಯಲ್ಲಿ, ಬಿದ್ದದ್ದು ಮೆಟ್ಟಿಲ ಮನೆಯಲ್ಲಿ.

ಈಗಿರುವುದು ನಂಜನಗೂಡಿನ ಒಂದು ಸಂದಿಯ ಮನೆ. ಹೋದ ವೈಶಾಖದಲ್ಲಿ ಬಂದು ಸೇರಿದ್ದರು. ಬಡಗಲಿಗೆ ಬಾಗಿಲು, ಎರಡೂ ಮಗ್ಗುಲಿಗೆ ನೆರೆಯವರ ಗೋಡೆ. ನಡುಮನೆಯ ಹಿಂದೆ ತಗ್ಗಾದ ಹೆಂಚಿನ ಅಡಿಗೆಮನೆ, ಅದಕ್ಕಂಟಿಕೊಂಡ ಬಚ್ಚಲು. ಬಂದ ವಾರದಲ್ಲೇ ಗುರುಮಲ್ಲಮ್ಮ ಬಚ್ಚಲೊಲೆಯ ಮೇಲೆ ತಾಮ್ರದ ಹಂಡೆಯನ್ನು ಕೂರಿಸಿ, ಸುತ್ತ ಮಣ್ಣು ಮೆತ್ತಿಸಿ, ಸೀರೆಯ ಸೆರಗಿನಲ್ಲಿ ಕೈಯೊರೆಸಿಕೊಳ್ಳುತ್ತ ಬಂದು ಗಂಡನ ಎದುರು ನಿಂತಿದ್ದಳು.

"ನೋಡಿ, ಹಂಡೆ ಕೂತ್ಕೊಂಡ್ತು. ಅದರ ಜೊತೆ ನಾನೂ ಕೂತೆ. ಇನ್ನೊಂದ್ಸಲ ಮನೆ ಬದಲಾಯಿಸೋದಾದ್ರೆ ನೀವೊಬ್ರೇ ಹೋಗಿ. ನಾನೂ ಮಗೂನೂ ಇಲ್ಲೇ."

ಯಾವ ಮಾತಿಗೂ ನಗುವೊಂದನ್ನು ಕಟ್ಟಿಯೇ ಕಳಿಸುವ ಹೆಂಗಸು ಅವಳು. ಆ ದಿನ ಮಾತ್ರ ನಗಲಿಲ್ಲ.

ಮಳೆಗಾಲ ಹೇಗೋ ಕಳೆಯಿತು. ಕಾರ್ತಿಕ ಮುಗಿದು ಚಳಿ ಬಲಿತಂತೆ ನಂಜುಂಡೇಶನ ಕಣ್ಣಿಗೆ ಆ ಮನೆ ದಿನದಿನಕ್ಕೆ ಕಿರಿದಾಯಿತು. ಬೆಳಿಗ್ಗೆ ಅವನು ಹೊರಡುವಾಗ ಕಪಿಲೆಯ ಮಂಜು ಸಂದಿಯೊಳಗೆಲ್ಲ ತುಂಬಿರುತ್ತಿತ್ತು. ಸಂಜೆ ಹಿಂತಿರುಗುವಾಗ ಕತ್ತಲೆಯಾಗಿರುತ್ತಿತ್ತು. ಅದರ ಮೇಲೆ ಕರೆಂಟಿನ ಕಣ್ಣಾಮುಚ್ಚಾಲೆ ಬೇರೆ. ಸೀಮೆಎಣ್ಣೆ ದೀಪದ ಸುತ್ತ ತಾಯಿ ಮಗಳು ಕೂತು ಮಗ್ಗಿ ಒಪ್ಪಿಸುತ್ತಿದ್ದರೆ, ಅವನು ಗೋಡೆಯ ಮೇಲಿನ ತನ್ನದೇ ನೆರಳನ್ನು ನೋಡಿ, ಬಾವಿಗೆ ಬಿದ್ದವನಂತೆ ಉಸಿರು ಕಟ್ಟಿ ಹೊರಗೆ ನಡೆಯುತ್ತಿದ್ದ.

ಹೀಗಿರುವಾಗ ಧನುರ್ಮಾಸ ಹುಟ್ಟಿದ ಮೊದಲ ವಾರದಲ್ಲಿ ಅವನು ನರಸೀಪುರದ ಹೊರಗಿನ ಕಲ್ಲಯ್ಯನ ಅಂಗಡಿಗೆ ಟೀಪುಡಿ ಹಾಕಲು ಹೋದ. ಕಲ್ಲಯ್ಯ ತುಂಬಿದ ಸಂಸಾರದ ಮುದುಕ. ಅಂಗಡಿಯನ್ನೂ ಗದ್ದೆಯನ್ನೂ ಮಕ್ಕಳೊಡನೆ ನೋಡಿಕೊಂಡು, ಹೋಗಿಬರುವವರನ್ನೆಲ್ಲ ಹೆಸರು ಹಿಡಿದು ಕರೆದು ಮಾತಿಗೆ ಕೂರಿಸುವವನು. ಅಂಗಡಿಯ ಪಕ್ಕದಲ್ಲಿ ಬಾಡಿಗೆಗೆಂದು ಹೊಸ ಮನೆ ಕಟ್ಟಿಸಿದ್ದ.

"ಬಾ, ಮನೆ ನೋಡಿವಂತೆ. ನೋಡಕ್ಕೇನು ಕಾಸು ಕೊಡ್ಬೇಕಾ?" ಎಂದು ಅವನನ್ನು ಕರೆದೊಯ್ದ.

ಮೂಡಲಿಗೆ ಬಾಗಿಲು. ಮೂರು ದೊಡ್ಡ ಕಿಟಕಿ. ಎದುರಿಗೆ ಕೊಯ್ಲಾದ ಗದ್ದೆಯ ಬಯಲು, ಅದರಾಚೆ ಹೊಳೆಯ ಹೊಳಪು. ಕಣದಲ್ಲಿ ತೂರಿ ಸುರಿದ ಭತ್ತದಂತೆ ಬಿಸಿಲು ನೆಲದ ತುಂಬ ಬಿದ್ದಿತ್ತು. ನಂಜುಂಡೇಶ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ. ಬೆಚ್ಚಗಿನ ನೆಲ ಪಾದಕ್ಕೆ ತಾಗಿದೊಡನೆ ಅವನ ಎದೆಯೊಳಗೆ ಏನೋ ಸಡಿಲವಾಯಿತು.

"ಯೆಂಗದೆ?" ಎಂದ ಕಲ್ಲಯ್ಯ.

"ಬೆಳಕು ಚೆನ್ನಾಗದೆ, ಕಲ್ಲಯ್ಯನೋರೆ."

"ಅಂದ್ರೆ ಮನೆ ಚೆನ್ನಾಗಿಲ್ವ? ಬರೀ ಬೆಳಕಿಗೆ ಬಾಡಿಗೆ ಕೊಡ್ತೀಯಾ? ನೋಡಪ್ಪ, ಮೇಷ್ಟ್ರೊಬ್ರು ಕೇಳ್ತಾವ್ರೆ. ನಿಂಗೆ ಬೇಕು ಅಂದ್ರೆ ಅವ್ರಿಗೆ ಇಲ್ಲ ಅಂತೀನಿ. ಈಗೆಂಗೂ ಶೂನ್ಯ ಮಾಸ, ಯಾರೂ ಸಾಮಾನು ಎತ್ತಂಗಿಲ್ಲ. ಸಂಕ್ರಾಂತಿ ಕಳೆದ್ಮೇಲೆ ಬರಂಗಿದ್ರೆ ಬಾ."

ನಂಜುಂಡೇಶನಿಗೆ ಮಣ್ಣು ಮೆತ್ತಿದ ಹಂಡೆ ಕಣ್ಣಿಗೆ ಕಟ್ಟಿತು. ಬೇಡ ಎನ್ನಲು ಬಾಯಿ ತೆರೆದ. ಬಿಸಿಲು ಆ ಮಾತನ್ನು ಒಳಕ್ಕೇ ತಳ್ಳಿತು. ಬೇಕು ಎನ್ನಲು ಧೈರ್ಯ ಸಾಲಲಿಲ್ಲ. ಬಾಗಿಲಿಗೆ ಬಂದು, ಚಪ್ಪಲಿ ಮೆಟ್ಟಿ, ಮೊಪೆಡ್ಡನ್ನು ತುಳಿದು, "ಆಯ್ತು, ಬತ್ತೀನಿ" ಎಂದ.

ನಮ್ಮ ಸೀಮೆಯಲ್ಲಿ ಹೊರಡುವವರು ಯಾರೂ 'ಹೋಗ್ತೀನಿ' ಎನ್ನುವುದಿಲ್ಲ. ಹೊಸ್ತಿಲಲ್ಲಿ ನಿಂತು ಆಡಬಾರದ ಮಾತು ಅದು. ಹೋದವರು ಹೋದಂತೆಯೇ ಆದಾರೆಂಬ ಅಂಜಿಕೆ. ಹೋಗುವವನೂ 'ಬತ್ತೀನಿ' ಎಂದೇ ಹೋಗಬೇಕು, ಬರುವವನೂ 'ಬತ್ತೀನಿ' ಎಂದೇ ಬರಬೇಕು. ತಾನು ಆಡಿದ್ದು ಹೊರಡುವವನ ಮಾತು ಮಾತ್ರ ಎಂದು ನಂಜುಂಡೇಶ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ. ಆದರೆ ಸುತ್ತೂರು ದಾಟುವಷ್ಟರಲ್ಲಿ ಅವನು ಮನಸ್ಸಿನಲ್ಲೇ ಆ ಮನೆಯ ಮೂಡಲ ಕಿಟಕಿಯ ಕೆಳಗೆ ಮಂಚ ಹಾಕಿ ಮುಗಿಸಿದ್ದ.

ಮನೆಯಲ್ಲಿ ಈ ಸುದ್ದಿ ಎತ್ತಲಿಲ್ಲ. ದಿನಗಳು ಉರುಳಿದವು. ಸಂಕ್ರಾಂತಿಗೆ ಇನ್ನು ಸ್ವಲ್ಪವೇ ದಿನ ಉಳಿದಿದ್ದಾಗ, ಒಂದು ಸೋಮವಾರ ಸಂಜೆ, ನಂಜುಂಡೇಶ್ವರನ ದರ್ಶನಕ್ಕೆಂದು ಊರಿಗೆ ಬಂದ ಕಲ್ಲಯ್ಯ ಹಣೆತುಂಬ ವಿಭೂತಿ ಬಳಿದುಕೊಂಡು, ಸಂದಿಯಲ್ಲಿ ಮನೆ ಕೇಳಿಕೊಂಡು ಬಾಗಿಲಿಗೇ ಬಂದುಬಿಟ್ಟ. ಕರೆಂಟು ಹೋಗಿತ್ತು. ಗುರುಮಲ್ಲಮ್ಮ ದೀಪ ಎತ್ತಿ ಹಿಡಿದು ಒಳಗೆ ಕರೆದಳು, ಚಾಪೆ ಹಾಸಿ ಕಾಫಿ ಕೊಟ್ಟಳು.

"ಟೀ ಮಾರೋನ ಮನೇಲಿ ಕಾಪೀನಾ? ಭಲೇ ಕಣವ್ವ!" ಎಂದು ನಕ್ಕು, ಒಂದು ಗುಟುಕು ಕುಡಿದು, ಕಲ್ಲಯ್ಯ ಸಲೀಸಾಗಿ ಕೇಳಿದ: "ಸುಣ್ಣ ಬಳಿಸಿ ಮಡಗಿವ್ನಿ. ಯಾವತ್ತು ಬತ್ತೀರಾ?"

"ಎಲ್ಲಿಗೆ?" ಎಂದಳು ಗುರುಮಲ್ಲಮ್ಮ.

"ಎಲ್ಲಿಗೆ ಅಂದ್ರೆ? ಮನೆಗೆ. ನಿನ್ ಗಂಡ ಬತ್ತೀನಿ ಅಂದವ್ನೆ. ಅದ್ಕೇ ಮೇಷ್ಟ್ರಿಗೆ ಇಲ್ಲ ಅಂತ ಯೋಳ್ಬುಟ್ಟೆ."

ಅವಳು ಗಂಡನತ್ತ ತಿರುಗಲಿಲ್ಲ. ದೀಪದ ಬತ್ತಿಯನ್ನೇ ಸರಿಮಾಡುತ್ತ ಕೂತಳು. ನಂಜುಂಡೇಶ ಎದ್ದು ನಿಂತ.

"ನಾನು ಬತ್ತೀನಿ ಅಂದಿದ್ದು ಹೊರಡ್ತೀನಿ ಅಂತ ಕಲ್ಲಯ್ಯನೋರೆ! ಗಾಡಿ ಸ್ಟಾರ್ಟ್ ಮಾಡಿ ಅಂದಿದ್ದು!"

"ಅದ್ಯಾಕಪ್ಪ? ನಾನು ಸಂಕ್ರಾಂತಿ ಕಳೆದ್ಮೇಲೆ ಬಾ ಅಂದೆ, ನೀನು ಆಯ್ತು ಬತ್ತೀನಿ ಅಂದೆ. ಓಗಂಗಿದ್ರೆ ಓಯ್ತೀನಿ ಅನ್ಬೇಕಿತ್ತು."

"ಬಾಗಿಲಲ್ಲಿ ನಿಂತ್ಕೊಂಡು ಯಾರಾದ್ರೂ ಹೋಗ್ತೀನಿ ಅಂತಾರಾ?"

"ಅಂಗಾರೆ ಬಾಯಿ ಮುಚ್ಕೊಂಡು ಓಗ್ಬೇಕಿತ್ತು!"

ಮಗ್ಗಿ ಪುಸ್ತಕದಿಂದ ತಲೆಯೆತ್ತಿ ನೋಡುತ್ತಿದ್ದ ಅರ್ಪಿತಾ ಕಿಸಕ್ಕೆಂದಳು. ಗುರುಮಲ್ಲಮ್ಮ ಮೆಲ್ಲಗೆ ಹೇಳಿದಳು: "ಇವರು ಹೇಳೋದು ನಿಜ ಅಜ್ಜ. ದಿನಾ ಸಂಜೆ ನಮಗೂ ಬತ್ತೀನಿ ಅಂತಾರೆ. ಅಂದು ಹೋಗೇ ಬಿಡ್ತಾರೆ."

ಮನೆಯೊಳಗೆ ಬಿಗಿದ ಗಾಳಿಯನ್ನು ಮುದುಕ ಆಗ ಗುರುತಿಸಿದ. ಲೋಟವನ್ನು ಬದಿಗಿಟ್ಟ. "ಓಗ್ಲಿ ಬುಡು, ಮನೆ ಎಲ್ಲೂ ಓಡೋಗಕಿಲ್ಲ. ಮೇಷ್ಟ್ರು ಇನ್ನೂ ಅಲೀತಾನೇ ಅವ್ರೆ. ಗಂಡ ಯೆಂಡ್ತಿ ಮಾತಾಡ್ಕೊಂಡು, ಹಬ್ಬದೊಳಗೆ ಬಂದು ಬಾಯಿ ಬುಟ್ಟು ಯೋಳಿ. ಇತ್ಲಾಗೋ ಅತ್ಲಾಗೋ." ಮೇಲೆದ್ದು ಬಾಗಿಲಿಗೆ ಹೋಗಿ, "ಬತ್ತೀನಿ ಕಣವ್ವ" ಎಂದವನು ಅಲ್ಲೇ ತಡೆದು, ನಂಜುಂಡೇಶನ ಮುಖ ನೋಡಿ, "ಹೊಂಟೆ ಅಂತ ಕಣಪ್ಪ, ಹೊಂಟೆ ಅಂತ" ಎಂದು ಬಿಡಿಸಿ ಹೇಳಿ ಕತ್ತಲೆಗಿಳಿದ.

ಜಗಳವಾಗುತ್ತದೆ ಎಂದು ಕಾದಿದ್ದ ನಂಜುಂಡೇಶನಿಗೆ ಊಟ ಬಡಿಸಲಾಯಿತು. ಅದು ಜಗಳಕ್ಕಿಂತ ಭಾರವಾಗಿತ್ತು. ಮಗಳು ಮಲಗಿದ ಮೇಲೆ ಗುರುಮಲ್ಲಮ್ಮ ಪಾತ್ರೆ ಬೋರಲು ಹಾಕುತ್ತಲೇ ಕೇಳಿದಳು.

"ದೇವರಾಣೆ ಎಲ್ಲ ಬೇಡ. ಆ ಮಾತು ಆಡುವಾಗ ಮನಸ್ಸಲ್ಲಿ ಏನಿತ್ತು, ಅದನ್ನ ಹೇಳಿ."

"ಗೊತ್ತಿಲ್ಲ ಮಲ್ಲಿ. ಎರಡೂ ಇತ್ತೇನೋ."

"ಸದ್ಯ, ಇಷ್ಟಾದರೂ ನಿಜ ಬಂತು. ಈ ಮನೇಲಿ ಏನು ಕಮ್ಮಿಯಾಗಿದೆ?"

"ಬೆಳಕು. ಹಗಲೂ ರಾತ್ರಿ ಒಂದೇ ಇಲ್ಲಿ. ಚಳಿಗಾಲದಲ್ಲಂತೂ ಕಾಳು ತುಂಬೋ ಹಗೇವಿನೊಳಗೆ ಕೂತ ಹಾಗಾಗುತ್ತೆ."

ಗುರುಮಲ್ಲಮ್ಮ ಕೈಯಲ್ಲಿದ್ದ ತಟ್ಟೆ ಹಿಡಿದೇ ತಿರುಗಿ ಅವನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಬೆರಗು ಇತ್ತು. "ಬೆಳಕಿಲ್ವಾ? ನಾಳೆ ಟೀಪುಡಿ ಹಾಕೋಕೆ ಲೈನಿಗೆ ಹೋಗಬೇಡಿ. ಮನೇಲಿರಿ. ಆಮೇಲೆ ಎಲ್ಲಿಗೆ ಬೇಕಾದರೂ ಹೋಗಿ, ನಾನು ಕೇಳಲ್ಲ."

ಮರುದಿನ ಅವನು ಉಳಿದ. ಉಳಿಯುವುದು ಇಷ್ಟು ಕಷ್ಟದ ಕೆಲಸವೆಂದು ಅವನಿಗೆ ಗೊತ್ತಿರಲಿಲ್ಲ. ಮುಂಜಾನೆ ದೇವಸ್ಥಾನದ ಗಂಟೆಗೆ ಎಚ್ಚರವಾಯಿತು. ಬಚ್ಚಲೊಲೆಯ ಮುಂದೆ ತಾಯಿ ಮಗಳು ಒಂದೇ ದುಪ್ಪಟಿಯೊಳಗೆ ಕುಕ್ಕುರುಗಾಲಲ್ಲಿ ಕೂತು, ಉರಿಗೆ ಅಂಗೈ ಒಡ್ಡಿ, ರಾತ್ರಿ ಕಂಡ ಕನಸುಗಳನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಅವನು ಬಂದೊಡನೆ ಕನಸು ನಿಂತಿತು. "ಅಪ್ಪ, ನೀವು ಇನ್ನೂ ಹೋಗಿಲ್ವಾ?" ಎಂದಳು ಮಗಳು. ಅವಳದು ಬರಿಯ ಕುತೂಹಲ. ಅವನಿಗೆ ಮಾತ್ರ ಕೆನ್ನೆಗೆ ಹೊಡೆದಂತಾಯಿತು.

ಅವಳು ಸ್ಕೂಲಿಗೆ ಹೋದ ಮೇಲೆ ಮನೆ ಇನ್ನೂ ನಿಶ್ಶಬ್ದವಾಯಿತು. ಮೊಪೆಡ್ಡಿನ ಪ್ಲಗ್ ಬಿಚ್ಚಿ ಉಜ್ಜಿದ, ಮತ್ತೆ ಹಾಕಿದ. ಹಳೆಯ ಪೇಪರು ಓದಿದ. ಸಂದಿಯ ತುದಿಯವರೆಗೆ ಹೋಗಿ ಬಂದ. "ಎಲ್ಲೇ ನಿನ್ನ ಬೆಳಕು?" ಎಂದು ಎರಡು ಸಲ ಕೇಳಿದ. "ಸಾಹೇಬ್ರು ಬರೋ ಹೊತ್ತಿಗೆ ಬರ್ತಾರೆ" ಎಂದು ಗುರುಮಲ್ಲಮ್ಮ ರಾಗಿಹಿಟ್ಟು ಜರಡಿ ಹಿಡಿಯುತ್ತ ಉತ್ತರಿಸಿದಳು.

ಮಧ್ಯಾಹ್ನ ಸಮೀಪಿಸಿದಾಗ ಅವಳು ಕೆಲಸ ಬಿಟ್ಟು, ಬೆಳಿಗ್ಗೆ ಎರೆದುಕೊಂಡ ತಲೆಗೂದಲ ಗಂಟು ಬಿಚ್ಚಿ, ನಡುಮನೆಗೆ ಬಂದು ಚಾಪೆ ಹಾಸಿದಳು. ತೆಂಕಣ ಗೋಡೆಯಲ್ಲಿ, ಅಡಿಗೆಮನೆಯ ಹೆಂಚಿನ ಮಾಡಿಗಿಂತ ಎತ್ತರದಲ್ಲಿ, ಕೈಯಗಲದ ಬೆಳಕಿಂಡಿಯೊಂದಿತ್ತು. ನಂಜುಂಡೇಶ ಅದನ್ನು ಗುಬ್ಬಚ್ಚಿಯ ದಾರಿಯೆಂದೇ ತಿಳಿದಿದ್ದ. ಅದರ ಅಂಚು ಮೊದಲು ಹೊಳೆಯಿತು. ಆಮೇಲೆ ಬಿಸಿಲಿನ ಒಂದು ಓರೆ ಹಲಗೆ ಒಳಗಿಳಿದು ಎದುರು ಗೋಡೆಗೆ ಒರಗಿತು. ಕ್ಯಾಲೆಂಡರನ್ನು ತಡವಿತು, ನಾಗಂದಿಗೆಯ ತಂಬಿಗೆಗಳನ್ನು ಒಂದೊಂದಾಗಿ ಬೆಳಗಿ, ಗೋಡೆಯಿಂದ ಜಾರಿ ಚಾಪೆಯ ಮೇಲೆ ಬಿತ್ತು. ರಾಗಿಹಿಟ್ಟಿನ ಧೂಳು ಅದರೊಳಗೆ ಬಂಗಾರದ ಕಣವಾಗಿ ತೇಲಿತು. ಗುರುಮಲ್ಲಮ್ಮ ಬೆನ್ನನ್ನು ಬಿಸಿಲಿಗೆ ಕೊಟ್ಟು, ಕಾಲು ನೀಡಿ, ಒದ್ದೆಗೂದಲನ್ನು ಹರಡಿ ಕೂತಳು. ಕಣ್ಣು ಮುಚ್ಚಿದಳು. ಅವಳ ಮುಖದ ಮೇಲೆ ಅವನೆಂದೂ ಕಾಣದಿದ್ದ ಒಂದು ನೆಮ್ಮದಿ ಇತ್ತು. ಅವನಿಲ್ಲದಿರುವಾಗ ಮಾತ್ರ ಬಂದುಹೋಗುವ ನೆಂಟನಂತೆ.

"ವೈಶಾಖದಲ್ಲಿ ಇದು ಇರಲಿಲ್ಲ" ಎಂದ ಅವನು.

"ಹೇಗಿರುತ್ತೆ? ಆವಾಗ ಸೂರ್ಯ ನೆತ್ತಿ ಮೇಲೆ. ಈ ತಿಂಗಳಲ್ಲಿ ತೆಂಕಲಿಗೆ ವಾಲ್ತಾನಲ್ಲ, ಆಗಲೇ ಒಳಗೆ ಬರೋದು. ಚಳಿಗಾಲಕ್ಕೆ ಅಂತಲೇ ಯಾರೋ ಪುಣ್ಯಾತ್ಮ ಇಟ್ಟಿರೋ ಕಿಂಡಿ." ಕಣ್ಣು ತೆರೆಯದೆಯೇ ಮುಂದುವರಿಸಿದಳು: "ಇಲಿ ಮನೇಲಿ ಹೀಗೇ ಏನಾದರೂ ಇತ್ತೋ ಏನೋ. ಹುಣಸೆಮರದ ಮನೇಲೂ ಇತ್ತೋ ಏನೋ. ಒಂದು ಮನೇಲಾದರೂ ವರ್ಷದ ಬಿಸಿಲು ಪೂರ್ತಿ ನೋಡಿದ್ದೀರಾ ನೀವು? ಅರ್ಧ ನೋಡಿ ಕತ್ತಲೆ ಅಂತೀರಿ."

ಅವಳು ಒಂದಿಷ್ಟು ಸರಿದಳು. ಬಿಸಿಲು ಒಬ್ಬರಿಗಾಗುವಷ್ಟೇ ಅಗಲವಿತ್ತು. ಹೆಗಲಿಗೆ ಹೆಗಲು ತಾಗಿಸಿದರೆ ಇಬ್ಬರಿಗೆ. ಅವನು ಕೂತ. ಹೆಂಡತಿಯ ಕೂದಲಿನ ಸೀಗೆಯ ವಾಸನೆಯೂ ಬೆನ್ನಿನ ಬಿಸಿಯೂ ಸೇರಿ ಅವನಿಗೆ ತೂಕಡಿಕೆ ಬಂದಂತಾಯಿತು. ಅಷ್ಟರಲ್ಲಿ ಬಿಸಿಲು ಚಾಪೆ ದಾಟಿ, ಸಣ್ಣದಾಗಿ, ಬಾಗಿಲ ಮೂಲೆಯಲ್ಲಿ ಮಾಯವಾಯಿತು. ಮನೆ ಮತ್ತೆ ಕತ್ತಲೆಯಾಯಿತು. ಗುರುಮಲ್ಲಮ್ಮ ಕೂದಲು ಗಂಟು ಹಾಕಿಕೊಂಡು, ಏನೂ ಕೇಳದೆ, ಜರಡಿಯ ಬಳಿಗೆ ಹೋದಳು.

ಅವನು ಮಾತ್ರ ಅಲ್ಲೇ ಚಡಪಡಿಸಿದ. ಇಷ್ಟು ಸಣ್ಣ ಬೆಳಕಿಗೆ ತನ್ನ ಇಡೀ ಅಲೆದಾಟವನ್ನು ಒತ್ತೆಯಿಡುವುದೇ? ಅಲ್ಲಿ ಮನೆತುಂಬ ಬಿಸಿಲು ಸುರಿಯುತ್ತಿತ್ತಲ್ಲ. ಆದರೆ ಆ ಬಿಸಿಲಿನ ನಡುವೆ ತಾನು ಹಾಕಿದ ಮಂಚವನ್ನು ಮತ್ತೆ ನೆನೆದಾಗ ಅದರ ಮೇಲೆ ಯಾರೂ ಕೂತಿರಲಿಲ್ಲ. ತಾನೂ ಕೂತಿರಲಿಲ್ಲ, ಅಲ್ಲಿಯೂ ಬಾಗಿಲಲ್ಲೇ ನಿಂತು ಬಯಲು ನೋಡುತ್ತಿದ್ದ. ಇದು ಹೊಳೆದೊಡನೆ ಅವನಿಗೆ ಕೂರಲಾಗಲಿಲ್ಲ. ಮಫ್ಲರ್ ಸುತ್ತಿಕೊಂಡು, ಮಾತಿಲ್ಲದೆ ಮೊಪೆಡ್ಡನ್ನು ಸಂದಿಯಿಂದ ಹೊರಕ್ಕೆ ತಳ್ಳಿದ. ಅಡಿಗೆಮನೆಯಲ್ಲಿ ಜರಡಿಯ ಸದ್ದು ನಿಂತಿತು. ಅವಳೇನು ತಿಳಿದಳೆಂದು ಅವನಿಗೆ ಗೊತ್ತಿತ್ತು. ತಿರುಗಿ ಹೋಗಿ ಹೇಳಬಹುದಿತ್ತು. ಹೇಳಿದರೆ ಎಲ್ಲಿ ಧೈರ್ಯ ಕರಗೀತೋ ಎಂದು ಹೇಳಲಿಲ್ಲ.

ಕಲ್ಲಯ್ಯ ಅಂಗಡಿಯ ಮುಂದೆ ಅವರೆಕಾಯಿಯ ಚೀಲ ಬಿಚ್ಚಿಸುತ್ತಿದ್ದ. ನಂಜುಂಡೇಶ ಗಾಡಿ ನಿಲ್ಲಿಸುತ್ತಲೇ, "ನಾನು ಬರಲ್ಲ, ಕಲ್ಲಯ್ಯನೋರೆ" ಎಂದ. ಜೀವಮಾನದಲ್ಲಿ ಅಷ್ಟು ಬೋಳಾದ ಮಾತನ್ನು ಅವನು ಯಾರ ಬಾಗಿಲಲ್ಲೂ ಆಡಿರಲಿಲ್ಲ; ನಾಲಗೆಗೆ ಕಹಿ ತಾಗಿದಂತಾಯಿತು.

"ಥೂ, ಬುಡ್ತು ಅನ್ನು! ಬಂದು ನಿಂತ್ಕಂಡು ಬರಲ್ಲ ಅಂತೀಯಲ್ಲೋ! ಒಳೀಕ್ ಬಂದು, ಕೂತ್ಕಂಡು ಯೋಳು."

ಅವನು ಒಳಗೆ ಹೋಗಿ, ಬೆಂಚಿನ ಮೇಲೆ ಕೂತು, ಮತ್ತೆ ಹೇಳಿದ. "ಮನೆ ಬೇಡ. ಮೇಷ್ಟ್ರಿಗೆ ಕೊಡಿ. ತಪ್ಪು ತಿಳ್ಕೋಬೇಡಿ."

"ಸುಣ್ಣ ಹೊಡ್ಸಿದ್ದು ದಂಡ ಆಗ್ಲಿಲ್ಲ ಬುಡು, ಮೇಷ್ಟ್ರು ಬೆಳ್ಳಗಿರೋ ಗೋಡೆ ಕಂಡ್ರೆ ಕುಣೀತಾರೆ." ಮುದುಕ ಅವನನ್ನು ಮೇಲಿನಿಂದ ಕೆಳಗೆ ಅಳೆದ. "ಯೆಂಡ್ತಿ ಗದರ್ಸಿದ್ಲಾ?"

"ಇಲ್ಲ. ಪಕ್ಕದಲ್ಲಿ ಸ್ವಲ್ಪ ಜಾಗ ಕೊಟ್ಟಳು."

ಕಲ್ಲಯ್ಯನಿಗೆ ಅದು ಅರ್ಥವಾಯಿತೋ ಇಲ್ಲವೋ, ಹೂಂಗುಟ್ಟಿದ. ಆಮೇಲೆ ಚೀಲದಿಂದ ಅವರೆಕಾಯಿಯನ್ನು ಮೊರದ ತುಂಬ ತುಂಬಿ, ನಂಜುಂಡೇಶನ ಟೀಪುಡಿಯ ಖಾಲಿ ಚೀಲಕ್ಕೆ ಸುರಿದ. "ಬ್ಯಾಡ ಅಂದೋನ್ನ ಬರಿಗೈಲಿ ಕಳ್ಸಿದ್ರೆ ನಂಗೆ ನಿದ್ದೆ ಬರಕಿಲ್ಲ. ಇಬ್ಬನಿ ಬಿದ್ದಿರೋ ಸೊಗಡವರೆ. ತಕ್ಕೊಂಡೋಗು. ಟೀ ವಾಸ್ನೆ ಬಂದ್ರೆ ನನ್ನ ಬಯ್ಬ್ಯಾಡ."

ಅವನು ನಂಜನಗೂಡು ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಗುರುಮಲ್ಲಮ್ಮ ನಡುಮನೆಯ ಗೋಡೆಗೊರಗಿ ಕೂತಿದ್ದಳು. ಅವಳ ಕಣ್ಣು ಕೆಂಪಾಗಿತ್ತು, ದನಿ ಮಾತ್ರ ನೆಟ್ಟಗಿತ್ತು.

"ಯಾವತ್ತು ಅಂತ ಹೇಳಿ ಬಂದ್ರಿ?"

"ಬರಲ್ಲ ಅಂತ ಹೇಳಿ ಬಂದೆ."

ಅವಳು ನಂಬಲಿಲ್ಲ. "ಬಾಗಿಲಲ್ಲಿ ಹೇಳಿದ್ರೋ, ಒಳಗೆ ಕೂತ್ಕೊಂಡು ಹೇಳಿದ್ರೋ?"

"ಎರಡು ಕಡೇನೂ."

"ಹೋಗಲಿ, ಎಷ್ಟು ದಿನಕ್ಕೆ ಈ ಶಾಂತಿ?"

"ಅದು ನನಗೂ ಗೊತ್ತಿಲ್ಲ ಮಲ್ಲಿ. ಕಾಲು ಇನ್ನೂ ನನ್ನ ಮಾತೇ ಕೇಳ್ತಿಲ್ಲ. ಈ ವರ್ಷ ಮಾತ್ರ ಇಲ್ಲೇ."

ಅವಳು ಆ ಉತ್ತರವನ್ನು ತೂಗಿ ನೋಡಿದಳು. ಕಡಿಮೆ ಎನಿಸಿತೇನೋ, ಆದರೆ ಕಲಬೆರಕೆ ಇರಲಿಲ್ಲ. ಎದ್ದು ಅವನ ಕೈಯಿಂದ ಚೀಲ ತೆಗೆದುಕೊಂಡು ಮೂಸಿದಳು. "ಅವರೇಕಾಯಿಗೆ ಟೀ ವಾಸ್ನೆ!" ಎಂದು ಮುಖ ಸಿಂಡರಿಸಿ, ಅಷ್ಟನ್ನೂ ಚಾಪೆಯ ಮೇಲೆ ಗುಡ್ಡೆ ಸುರಿದಳು. ಅರ್ಪಿತಾ ಓಡಿ ಬಂದು ಗುಡ್ಡೆಯ ಮುಂದೆ ಕುಳಿತು, ಹುಳು ಸಿಕ್ಕಿದವರು ಸೋತಂತೆ ಎಂದು ಆಟದ ನಿಯಮ ಸಾರಿದಳು. ಕರೆಂಟು ಹೋಯಿತು. ಯಾರೂ ಅದನ್ನು ಬಯ್ಯಲಿಲ್ಲ; ಗುರುಮಲ್ಲಮ್ಮ ದೀಪ ತಂದು ನಡುವೆ ಇಟ್ಟಳು.

ನಂಜುಂಡೇಶ ಒಂದು ಕಾಯಿ ಬಿಡಿಸಿದ. ಮೊದಲ ಕಾಯಲ್ಲೇ ದಪ್ಪ ಹಸಿರು ಹುಳುವೊಂದು ತಲೆಯೆತ್ತಿ ನೋಡಿತು. "ಅಪ್ಪ ಸೋತರು! ಅಪ್ಪ ಸೋತರು!" ಎಂದು ಮಗಳು ಕೂಗಿದಳು.

"ಇಷ್ಟೂ ಇವತ್ತೇ ಸುಲೀಬೇಕಾ?" ಎಂದು ಅವನು ಗುಡ್ಡೆ ನೋಡಿ ಕೇಳಿದ.

"ಇಷ್ಟೂ ಇವತ್ತೇ. ನೆನೆ ಹಾಕಿದ್ರೆ ನಾಳೆ ಹಿಸುಕಬಹುದು" ಎಂದಳು ಗುರುಮಲ್ಲಮ್ಮ.

ಹೊರಗೆ ಬಸ್ ಸ್ಟ್ಯಾಂಡಿನ ಕಡೆಯಿಂದ ಯಾವುದೋ ಊರಿನ ಹೆಸರನ್ನು ಕಂಡಕ್ಟರೊಬ್ಬ ಕೂಗುತ್ತಿದ್ದ. ನಂಜುಂಡೇಶ ಯಾವ ಊರೆಂದು ಕಿವಿಗೊಟ್ಟು ಕೇಳಿದ. ಕೇಳಿಸಿಕೊಂಡು, ಇನ್ನೊಂದು ಹಿಡಿ ಕಾಯಿಯನ್ನು ಮಡಿಲಿಗೆಳೆದುಕೊಂಡ.